ಹನ್ನೊಂದು ಕಣ ಮತ್ತು ಒಂದು ಗ್ಲೌಸ್ ಡಬ್ಬ

ಹಲ್ಲಿನ ಡಾಕ್ಟರು ಕ್ಲೀನಿಂಗ್ ಮಾಡುವಾಗ ಗಟ್ಟಿ ಪಾಚಿ ಕೆರೆದು ತೆಗೆಯುತ್ತಾರಲ್ಲ, ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ. ಪೇಷಂಟು ಸತ್ತು 50,000 ವರ್ಷ ಆಗಿರುತ್ತದೆ, ಅಷ್ಟೇ.

ಜರ್ಮನಿಯ ಲ್ಯಾಬೊಂದಕ್ಕೆ ಸೇರಿದ ಮೊದಲ ವರ್ಷ. ನಿಯಾಂಡರ್ತಲ್ (ನಮಗೆ ಹತ್ತಿರದ, ಈಗ ಅಳಿದುಹೋದ ಮಾನವ ಪ್ರಭೇದ) ಹಲ್ಲಿನಿಂದ ಕೆರೆದ, ಸಾಸಿವೆಗಿಂತ ಸಣ್ಣ ಪಾಚಿ ಚೂರನ್ನು ಆಸಿಡ್‌ನಲ್ಲಿ ಕರಗಿಸಿ ಸ್ಲೈಡ್ ಮಾಡಿದ್ದೆ. ಮೈಕ್ರೋಸ್ಕೋಪಿನ ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಲ್ಲಿ ಪಿಷ್ಟದ ಕಣಗಳು ಕತ್ತಲಲ್ಲಿ ಹೊಳೆಯುತ್ತವೆ, ಒಂದೊಂದರ ಮೇಲೂ ಕಪ್ಪು ಶಿಲುಬೆ. ಅವತ್ತು ಹನ್ನೊಂದು ಹೊಳೆದವು. ಕುರ್ಚಿಯಿಂದ ಎದ್ದೇ ಬಿಟ್ಟೆ.

ಅಷ್ಟೇಕೆ ಖುಷಿ ಅಂದ್ರೆ, ಪಿಷ್ಟ ಬರುವುದು ಗಿಡಗಳಿಂದ, ಆದರೆ ನಿಯಾಂಡರ್ತಲ್‌ಗೆ ಬರೀ ಮಾಂಸ ಎಂದೇ ಬಹಳ ಕಾಲ ನಂಬಿದ್ದರು. ಕ್ರೊವೇಷಿಯಾದ ವಿಂದಿಯಾ ಗುಹೆಯ ಮೂಳೆಗಳಲ್ಲಿ ನೈಟ್ರೋಜನ್-15 (ಮಾಂಸ, ಮೀನು ತಿಂದಷ್ಟೂ ಮೂಳೆಯಲ್ಲಿ ಹೆಚ್ಚುವ ನೈಟ್ರೋಜನ್ ಬಗೆ) ಬೇಟೆಯಾಡುವ ಪ್ರಾಣಿಗಳಲ್ಲಿ ಇರುವಷ್ಟು ಜಾಸ್ತಿ. ರೊಮೇನಿಯಾದ ಒಆಸೆ ಗುಹೆಯ, ಸುಮಾರು 40,000 ವರ್ಷ ಹಿಂದಿನ ನಮ್ಮಂಥ ಮನುಷ್ಯನಲ್ಲಿ ಇನ್ನೂ ಜಾಸ್ತಿ. ಹೊಳೆ ಮೀನು ತಿಂದಿರಬೇಕು ಅಂದರು. ಆದರೆ ಮೂಳೆಯ ನೈಟ್ರೋಜನ್ ಇಡುವುದು ಪ್ರೋಟೀನಿನ ಲೆಕ್ಕ. ಗೆಡ್ಡೆಗೆಣಸು ಅದರಲ್ಲಿ ಕಾಣುವುದೇ ಕಷ್ಟ. ಅದಕ್ಕೇ 2011ರಲ್ಲಿ ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಲ್ ಹಲ್ಲಿನಲ್ಲಿ ಬೆಂದ ಧಾನ್ಯದ ಪಿಷ್ಟ ಸಿಕ್ಕಾಗ ಅಷ್ಟು ಸುದ್ದಿಯಾಯ್ತು. ಅದೇ ಗುಹೆಯಲ್ಲಿ ಸುಟ್ಟ ಊಟದ ಚೂರುಗಳೂ ಸಿಕ್ಕಿವೆ. ಕಾಡು ಬೇಳೆಕಾಳನ್ನು ನೆನೆಸಿ ಜಜ್ಜಿದ್ದರಂತೆ.

ನನ್ನ ಹನ್ನೊಂದು ಕಣವನ್ನು ಸೀನಿಯರ್ ಒಂದು ನಿಮಿಷ ನೋಡಿದರು. "ಗ್ಲೌಸ್ ಡಬ್ಬ ತೋರಿಸು" ಅಂದರು.

ನಮ್ಮದು ಮುಗಿದಿತ್ತು. ಪಕ್ಕದ ಲ್ಯಾಬಿನಿಂದ ಒಂದು ಡಬ್ಬ ತಂದಿದ್ದೆ, ಪೌಡರ್ ಹಾಕಿದ್ದು. ಆ ಪೌಡರ್ ಮೆಕ್ಕೆಜೋಳದ ಪಿಷ್ಟ.

"ಮೆಕ್ಕೆಜೋಳ ಅಮೆರಿಕದ್ದು. ಕೊಲಂಬಸ್ ಹೋಗಿ ಬರುವ ತನಕ ಯುರೋಪಿಗೆ ಗೊತ್ತೇ ಇರಲಿಲ್ಲ. ನಿನ್ನ ನಿಯಾಂಡರ್ತಲ್‌ಗೆ ಯಾರು ತಂದುಕೊಟ್ಟರು?"

ನಾಚಿಕೆ ಎರಡು ದಿನಕ್ಕೆ ಹೋಯ್ತು. ನಿದ್ದೆ ಕೆಡಿಸಿದ್ದು ಬೇರೆ. ಮೆಕ್ಕೆಜೋಳ ಆಗಿದ್ದಕ್ಕೆ ಸಿಕ್ಕಿಬಿದ್ದೆ, ಅಲ್ವಾ? ಚಪಾತಿ ಲಟ್ಟಿಸಿದ ಗೋಧಿಹಿಟ್ಟು ತೋಳಿನಿಂದ ಉದುರಿದ್ದರೆ? ಗೋಧಿಯ ನೆಂಟ ಹುಲ್ಲುಗಳನ್ನು ಅವರೂ ತಿನ್ನುತ್ತಿದ್ದರು. ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ. ನನ್ನ ಅಡುಗೆಮನೆ ಅವರ ಊಟದ ಪಟ್ಟಿಗೆ ಸುಮ್ನೆ ಸೇರಿಬಿಡುತ್ತಿತ್ತು.

ಈಗ ಕೆಲಸ ಶುರುಮಾಡುವ ಮುಂಚೆ ಬೆಂಚಿನ ಮೇಲೆ ಒಂದು ಖಾಲಿ ಸ್ಲೈಡ್ ತೆರೆದಿಡುತ್ತೇನೆ. ಹಲ್ಲಿನ ಸ್ಲೈಡಿಗಿಂತ ಮೊದಲು ಅದನ್ನು ನೋಡುತ್ತೇನೆ. ಕಳೆದ ತಿಂಗಳು ಅದರಲ್ಲಿ ಎರಡು ಸಣ್ಣ ಕಣ ಹೊಳೆದವು. ಅಕ್ಕಿಹಿಟ್ಟು. ಹಿಂದಿನ ರಾತ್ರಿ ರೊಟ್ಟಿ ತಟ್ಟುವಾಗ ಹಾಕಿದ್ದ ಸ್ವೆಟರನ್ನೇ ಹಾಕಿಕೊಂಡು ಬಂದಿದ್ದೆ.