ಕೀರ್ತನೆಯ ಎರಡನೆಯ ಸಾಲು

ಬೈಬಲಿನ ಕೀರ್ತನೆಗಳ ಮೇಲೆ ಪ್ರಸಂಗ, ಅಂದರೆ ಆರಾಧನೆಯಲ್ಲಿ ಸಭೆಗೆ ಕೊಡುವ ಉಪದೇಶ, ಸಿದ್ಧಮಾಡುವವರು ಹೆಚ್ಚಾಗಿ ಎಡವುವುದು ವಚನದ (ಕೀರ್ತನೆಯಲ್ಲಿ ಸಂಖ್ಯೆ ಹಾಕಿದ ಒಂದೊಂದು ಭಾಗದ) ನಟ್ಟನಡುವೆ. ಕೆಲವರು ವಚನದ ಎರಡು ಅರ್ಧಗಳನ್ನು ಎರಡು ಬೇರೆ ಅಂಶಗಳೆಂದು ಎಣಿಸಿ ನಂಬರ್ ಹಾಕುತ್ತಾರೆ. ಇನ್ನು ಕೆಲವರು "ಇದೂ ಅದೇ ಮಾತು" ಎಂದು ಎರಡನೆಯದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಎರಡರಲ್ಲೂ ಕಾವ್ಯ ಕೈತಪ್ಪುತ್ತದೆ.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎನ್ನುವಾಗ ಗಾದೆ ಹೇಳುವವರ ಮನಸ್ಸು ಹೆಚ್ಚಾಗಿ ಮಾತಿನ ಮೇಲಿರುತ್ತದೆ. ಊಟದ ಸಾಲು ಅದಕ್ಕೆ ದಾರಿ ಮಾಡಿಕೊಡುತ್ತದೆ. ಕೀರ್ತನೆಗಳ ಮೂಲಭಾಷೆಯಾದ ಹೀಬ್ರೂವಿನ ಕವಿತೆಯೂ ಹೀಗೆ ಜೋಡಿಸಾಲುಗಳಲ್ಲಿ ನಡೆಯುತ್ತದೆ. ಇಂಗ್ಲೆಂಡಿನ ವಿದ್ವಾಂಸ ರಾಬರ್ಟ್ ಲೌತ್ 1753ರಲ್ಲಿ ಪ್ರಕಟಿಸಿದ ಆಕ್ಸ್‌ಫರ್ಡ್ ಉಪನ್ಯಾಸಗಳಲ್ಲಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು: ಸಮಾನಾರ್ಥ, ವಿರುದ್ಧಾರ್ಥ, ಮುಂದುವರಿಕೆ. 1981ರಲ್ಲಿ ಬೈಬಲ್ ವಿದ್ವಾಂಸ ಜೇಮ್ಸ್ ಕುಗೆಲ್ ಈ ವಿಂಗಡಣೆ ಸಾಲದೆಂದು ವಾದಿಸಿದರು. ಅವರ ಪ್ರಕಾರ ಎರಡನೆಯ ಸಾಲು ಮೊದಲನೆಯದನ್ನು ಹಿಡಿದುಕೊಂಡೇ "ಅಷ್ಟೇ ಅಲ್ಲ, ಇನ್ನೂ ಇದೆ" ಎನ್ನುತ್ತದೆ. ಪ್ರಸಂಗಪೀಠಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಕುಗೆಲ್ ಹೇಳಿದ್ದೇ. 24ನೆಯ ಕೀರ್ತನೆ ಯೆಹೋವನ (ದೇವರ) ಬೆಟ್ಟ ಹತ್ತುವವರು ಯಾರು ಎಂದು ಕೇಳುತ್ತದೆ, ಆಮೇಲೆ ಆತನ ಪವಿತ್ರಸ್ಥಾನದಲ್ಲಿ ನಿಲ್ಲುವವರು ಯಾರು ಎಂದು. ಜಾಗ ಒಂದೇ, ಆದರೆ ಹತ್ತಿದವರೆಲ್ಲ ನಿಲ್ಲಲಾರರು. ಪ್ರಶ್ನೆಯ ಕಾವು ಆ "ನಿಲ್ಲು"ವಿನಲ್ಲಿದೆ.

13ನೆಯ ಕೀರ್ತನೆಯಲ್ಲಿ ಇದನ್ನು ಅಭ್ಯಾಸ ಮಾಡಬಹುದು. ಇರುವುದು ಆರೇ ವಚನ. ಒಂದು ಹಾಳೆಯಲ್ಲಿ ಪ್ರತಿ ಅರ್ಧವಚನವನ್ನೂ ಹೊಸ ಸಾಲಿನಲ್ಲಿ ಬರೆದುಕೊಳ್ಳಿ. ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಮತ್ತೆ ಮತ್ತೆ ಬರುವ ಪದಗಳಿಗೆ ಸುತ್ತು ಹಾಕಿ. ಮಾತು ಯಾರಿಗೆ, ಯಾರ ಬಗ್ಗೆ ಎಂದು ಅಂಚಿನಲ್ಲಿ ಗುರುತು ಮಾಡಿ. ಆಮೇಲೆ ಗಟ್ಟಿಯಾಗಿ ಮೂರು ಸಲ ಓದಿ. ವ್ಯಾಖ್ಯಾನದ ಪುಸ್ತಕ ತೆಗೆಯುವುದು ಇದಾದ ಮೇಲೆ.

ಮೊದಲ ಎರಡು ವಚನಗಳಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೂರು ಮೂರು ಕಡೆಗೆ ಹರಿಯುತ್ತದೆ: ದೇವರು ಮರೆತಿದ್ದಾನೆ, ಮುಖ ಮರೆಮಾಡಿದ್ದಾನೆ; ನನ್ನ ಹೃದಯದಲ್ಲಿ ದುಃಖ; ಶತ್ರು ನನ್ನ ಮೇಲೆ ತಲೆಯೆತ್ತಿದ್ದಾನೆ. 3 ಮತ್ತು 4ನೆಯ ವಚನಗಳ ಬೇಡಿಕೆಯೂ ಅದೇ ಕ್ರಮದಲ್ಲಿದೆ: ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು, ಇಲ್ಲವಾದರೆ ಶತ್ರು ಹಿಗ್ಗಿಯಾನು. ಈ "ಹಿಗ್ಗು" ಹೀಬ್ರೂವಿನಲ್ಲಿ "ಗೀಲ್" ಎಂಬ ಧಾತು. ಮುಂದಿನ ವಚನದಲ್ಲಿ ಅದೇ ಧಾತು ಮತ್ತೆ ಬರುತ್ತದೆ, ಆದರೆ ಈ ಸಲ ಹಿಗ್ಗುವುದು ಕವಿಯ ಹೃದಯ, ಎರಡನೆಯ ವಚನದಲ್ಲಿ ದುಃಖ ತುಂಬಿಕೊಂಡಿದ್ದ ಅದೇ ಹೃದಯ. ನಡುವೆ ಪರಿಸ್ಥಿತಿ ಬದಲಾಯಿತೆಂಬ ಒಂದು ಮಾತೂ ಇಲ್ಲ. ಶತ್ರುವಿನ ಬಾಯಲ್ಲಿದ್ದ ಹಿಗ್ಗನ್ನು ಕವಿ ಕಿತ್ತುಕೊಂಡಿದ್ದಾನೆ. ಪ್ರಸಂಗಕ್ಕೆ ಇದಕ್ಕಿಂತ ಒಳ್ಳೆಯ ತಿರುವು ಬೇಕೇ?

ಇಲ್ಲಿ ಅಳತೆಯೂ ಮುಖ್ಯ. ಆರರಲ್ಲಿ ನಾಲ್ಕು ವಚನ ಗೋಳು ಮತ್ತು ಬೇಡಿಕೆ, ಎರಡು ವಚನ ಭರವಸೆ. ಮೂವತ್ತು ನಿಮಿಷದ ಪ್ರಸಂಗವಾದರೆ ಇಪ್ಪತ್ತು ನಿಮಿಷ ಆ ನಾಲ್ಕಕ್ಕೆ ಸಲ್ಲಬೇಕು. ಐದನೇ ನಿಮಿಷಕ್ಕೇ ಸ್ತೋತ್ರಕ್ಕೆ ಹಾರಿದರೆ, ನಿಜವಾಗಿ ನೊಂದು ಬಂದವರು ಮನಸ್ಸಿನಲ್ಲೇ ಎದ್ದು ಹೊರಗೆ ಹೋಗಿರುತ್ತಾರೆ.

119ನೆಯ ಕೀರ್ತನೆಗೆ ಈ ವಿಧಾನ ಹೊಂದುವುದಿಲ್ಲ. ಅದು ಹೀಬ್ರೂವಿನ 22 ಅಕ್ಷರಗಳಿಗೆ ತಲಾ ಎಂಟರಂತೆ 176 ವಚನಗಳ ಅಕ್ಷರಮಾಲೆ. ವಾದದ ಬೆಳವಣಿಗೆಯನ್ನು ಹುಡುಕಬೇಡಿ, ಒಂದು ವಾರಕ್ಕೆ ಒಂದು ಎಂಟನ್ನು ತೆಗೆದುಕೊಳ್ಳಿ.

23ನೆಯ ಕೀರ್ತನೆಯಲ್ಲಿ ಕನ್ನಡದವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ಹೀಬ್ರೂವಿನಲ್ಲಿ ಶಿರೋನಾಮೆ (ಕೀರ್ತನೆಯ ಮೇಲಿನ ತಲೆಬರಹ) ಬಿಟ್ಟು ಎಣಿಸಿದರೆ 55 ಪದಗಳು. ಮೊದಲು 26, ಕೊನೆಗೆ 26, ಸರಿಯಾಗಿ ನಡುವೆ ಮೂರು: "ಕೀ ಅತ್ತಾ ಇಮ್ಮಾದಿ", ಅಂದರೆ "ಏಕೆಂದರೆ ನೀನು ನನ್ನೊಂದಿಗಿದ್ದೀ". ಅಲ್ಲಿಯವರೆಗೆ "ಆತನು" ಆಗಿದ್ದ ದೇವರು ಕತ್ತಲ ಕಣಿವೆಯಲ್ಲಿ "ನೀನು" ಆಗುತ್ತಾನೆ. ಕನ್ನಡ ವಾಕ್ಯದಲ್ಲಿ ಕಾರಣ ಮೊದಲು, ಕ್ರಿಯಾಪದ ಕೊನೆಗೆ. ಆದ್ದರಿಂದ ನಮ್ಮ ಸತ್ಯವೇದದಲ್ಲಿ (ಕನ್ನಡ ಬೈಬಲಿನಲ್ಲಿ) "ನೀನು ಹತ್ತಿರವಿರುವುದರಿಂದ" ಎಂಬುದು ಮುಂದೆ ಬಂದು, "ಹೆದರೆನು" ಎಂಬುದು ಕೊನೆಗೆ ಉಳಿಯುತ್ತದೆ. ಅನುವಾದ ತಪ್ಪಲ್ಲ, ಭಾಷೆಯ ಜಾಯಮಾನವೇ ಹಾಗೆ. ಆದರೆ ಪ್ರಸಂಗದಲ್ಲಿ ಒಮ್ಮೆಯಾದರೂ ಬಿಡಿಸಿ ಹೇಳಿ: "ಕೇಡಿಗೆ ಹೆದರೆನು." ಒಂದು ಉಸಿರು ನಿಲ್ಲಿಸಿ. "ನೀನು ನನ್ನೊಂದಿಗಿದ್ದೀ." ಕೊನೆಯ ವಚನದಲ್ಲಿ ಶುಭವೂ ಕೃಪೆಯೂ ಹಿಂಬಾಲಿಸುತ್ತವೆ ಎಂಬಲ್ಲಿಯ ಹೀಬ್ರೂ ಕ್ರಿಯಾಪದ "ರಾದಫ್", ಈಜಿಪ್ಟಿನ ದೊರೆ ಫರೋಹನ ಸೈನ್ಯ ಇಸ್ರಾಯೇಲ್ಯರನ್ನು ಬೆನ್ನಟ್ಟಿದ್ದಕ್ಕೂ ಇದೇ ಪದ. ವೈರಿಗಳು ಅಟ್ಟಿಸಿಕೊಂಡು ಬರಬೇಕಿದ್ದ ಜಾಗದಲ್ಲಿ ಕೃಪೆ ಅಟ್ಟಿಸಿಕೊಂಡು ಬರುತ್ತಿದೆ.

ಆರಾಧನೆಯಲ್ಲಿ ಸರದಿಯಾಗಿ ಓದಿಸುವಾಗ ವಚನಸಂಖ್ಯೆಯ ಪ್ರಕಾರ ಹಂಚಬೇಡಿ. ಒಂದನೆಯದು ಬೋಧಕರು, ಎರಡನೆಯದು ಸಭೆ ಎಂದು ಹಂಚಿದರೆ ಜೋಡಿಯ ಎರಡೂ ಸಾಲು ಒಬ್ಬರ ಬಾಯಲ್ಲೇ ಉಳಿಯುತ್ತವೆ. ಮೊದಲ ಅರ್ಧ ಬೋಧಕರಿಗೆ, ಎರಡನೆಯ ಅರ್ಧ ಸಭೆಗೆ ಕೊಡಿ. ಉತ್ತರ ಕೊಡುವುದು ಹೇಗೆಂದು ಸಭೆಗೆ ತಾನಾಗಿ ಗೊತ್ತಾಗುತ್ತದೆ. 136ನೆಯ ಕೀರ್ತನೆಯ ಪಲ್ಲವಿ 26 ಸಲ ಬರುತ್ತದೆ. ಅದು ಪೂರ್ತಿ ಸಭೆಯದು. ಬೇಸರವೆಂದು ಅರ್ಧಕ್ಕೆ ಕತ್ತರಿಸಬೇಡಿ.

ಹೀಬ್ರೂ ಪಠ್ಯ ಆಧರಿಸಿದ ವ್ಯಾಖ್ಯಾನ ಬಳಸುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಹಲವು ಕೀರ್ತನೆಗಳ ಶಿರೋನಾಮೆಗೂ ವಚನಸಂಖ್ಯೆ ಇರುತ್ತದೆ. 51ನೆಯ ಕೀರ್ತನೆ ನಮ್ಮಲ್ಲಿ 19 ವಚನ, ಅಲ್ಲಿ 21.

ಇನ್ನು 88ನೆಯ ಕೀರ್ತನೆ. ಹೀಬ್ರೂವಿನಲ್ಲಿ ಅದರ ಕೊನೆಯ ಪದವೇ "ಕತ್ತಲೆ". ಓದಿ ಮುಗಿದ ಕೂಡಲೇ ಕೀಬೋರ್ಡ್‌ನವರು ಹಲ್ಲೆಲೂಯಾ ಹಾಡು ಎತ್ತಿಕೊಳ್ಳದಂತೆ ಮೊದಲೇ ಹೇಳಿಡಿ. ಒಂದು ನಿಮಿಷ ಪೂರ್ತಿ ಮೌನ ಇರಲಿ. ಆಮೇಲೆ ಅದೇ ಕೀರ್ತನೆಯ ಮೊದಲ ವಚನವನ್ನು, "ನನ್ನ ರಕ್ಷಣೆಯ ದೇವರೇ" ಎಂದು ಕವಿ ಕರೆದ ಆ ಒಂದೇ ವಚನವನ್ನು, ಇನ್ನೊಮ್ಮೆ ಓದಿ ಪ್ರಾರ್ಥನೆಗೆ ಹೋಗಿ.