ಕರೇಜ್ ಕಾಲುವೆಯಲ್ಲಿ ದ್ರವ್ಯರಾಶಿ ಹರಿವಿನ ದರ

ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ನೆಲದೊಳಗೆ ಕೊರೆದ ಕರೇಜ್ ಎಂಬ ಸುರಂಗ ಕಾಲುವೆಯು ದ್ರವ್ಯರಾಶಿ ಹರಿವಿನ ದರವನ್ನು ಅರಿಯಲು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಸಿಗಬಹುದಾದ ಅತ್ಯುತ್ತಮ ಉದಾಹರಣೆಯೆಂದು ನಾನು ನಂಬಿದ್ದೇನೆ. ಹರಿವಿನ ಒಂದು ಅಡ್ಡಕೊಯ್ತವನ್ನು ಪ್ರತಿ ಸೆಕೆಂಡಿಗೆ ಎಷ್ಟು ಕಿಲೋಗ್ರಾಂ ನೀರು ದಾಟುತ್ತದೆ ಎಂಬುದೇ ಈ ದರ. ಸಾಂದ್ರತೆ, ವಿಸ್ತೀರ್ಣ ಮತ್ತು ಸರಾಸರಿ ವೇಗಗಳನ್ನು ಗುಣಿಸಿದರೆ ಅದು ದೊರೆಯುತ್ತದೆ. ನೀರು 0.5 ಮೀಟರ್ ಅಗಲ, 0.2 ಮೀಟರ್ ಆಳವಾಗಿ ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಹರಿಯುತ್ತಿದೆಯೆಂದು ಭಾವಿಸೋಣ. ನೀರಿನ ಸಾಂದ್ರತೆ ಘನಮೀಟರಿಗೆ ಸುಮಾರು 1000 ಕಿಲೋಗ್ರಾಂ ಇರುವುದರಿಂದ ದರವು ಸೆಕೆಂಡಿಗೆ 30 ಕಿಲೋಗ್ರಾಂ ಆಗುತ್ತದೆ.

ಮುಂದೆ ವಿಸ್ತೀರ್ಣವು ಅರ್ಧಕ್ಕಿಳಿದರೆ ವೇಗವು ಇಮ್ಮಡಿಯಾಗುತ್ತದೆಯೇ ಹೊರತು ಆ 30 ಕಿಲೋಗ್ರಾಂ ಬದಲಾಗದು. ಆದರೆ ಈ ನಿಯಮಕ್ಕೆ ಎರಡು ಷರತ್ತುಗಳಿವೆ, ಮತ್ತು ತರಗತಿಯಲ್ಲಿ ಇವನ್ನೇ ಒತ್ತಿ ಹೇಳಬೇಕು: ಒಂದು, ಹರಿವು ಕಾಲಕ್ಕೆ ತಕ್ಕಂತೆ ಬದಲಾಗಬಾರದು; ಎರಡು, ನಡುವೆ ನೀರು ಸೇರಲೂಬಾರದು, ಸೋರಲೂಬಾರದು. ಕರೇಜಿನ ಮೇಲ್ಭಾಗದಲ್ಲಿ ಬಂಡೆಯ ಬಿರುಕುಗಳಿಂದ ಅಂತರ್ಜಲ ಒಸರುತ್ತಲೇ ಇರುವುದರಿಂದ, ಕೆಳಗಿನ ಅಡ್ಡಕೊಯ್ತದ ದರವು ಮೇಲಿನ ದರಕ್ಕೆ ಒಸರಿದ ನೀರನ್ನು ಕೂಡಿಸಿದಷ್ಟಿರುತ್ತದೆ. ಅನಿಲಗಳಲ್ಲಾದರೋ ಒತ್ತಡ, ತಾಪಮಾನಗಳೊಡನೆ ಸಾಂದ್ರತೆಯೂ ಬದಲಾಗುವುದರಿಂದ ಗಾತ್ರದ ಲೆಕ್ಕವನ್ನು ಬಿಟ್ಟು ದ್ರವ್ಯರಾಶಿಯ ಲೆಕ್ಕವನ್ನೇ ಹಿಡಿಯಬೇಕಾಗುತ್ತದೆ.