ಬೀಡು ಎಂಬ ಪದದ ಜಾಡು

‘ಸಕಲೇಶಪುರದ ಬಳಿ ಕಾಡಾನೆಗಳು ಬೀಡುಬಿಟ್ಟಿವೆ’ ಎಂಬಂಥ ಸುದ್ದಿ ಓದಿದಾಗಲೆಲ್ಲ, ಸೈನ್ಯಗಳ ಜೊತೆ ಬೆಳೆದ ಈ ಹಳೆಯ ಮಾತು ಇಂದಿಗೂ ಬಳಕೆಯಲ್ಲಿರುವುದು ನನಗೆ ಸಂತೋಷ ಕೊಡುತ್ತದೆ. ಕೆಡು ಕೇಡಾದಂತೆ, ಪಡು ಪಾಡಾದಂತೆ, ಬಿಡು ಎಂಬ ಕ್ರಿಯಾಪದದ ಮೊದಲ ಸ್ವರ ದೀರ್ಘವಾಗಿ ಬೀಡು ಎಂಬ ನಾಮಪದ ಹುಟ್ಟಿದೆ. ಪಯಣವನ್ನು ನಿಲ್ಲಿಸಿ, ಹೊರೆಯನ್ನಿಳಿಸಿ, ಎತ್ತು ಕುದುರೆಗಳನ್ನು ಬಿಚ್ಚಿ ಬಿಡುವ ತಾಣವೇ ಬೀಡು ಎನಿಸಿರಬೇಕು ಎಂಬುದು ನನ್ನ ಎಣಿಕೆ.

ತಂಗುದಾಣದ ಈ ಹೆಸರು ರಾಜಧಾನಿಗೂ ಸಂದಿತು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಅರಸನು ‘ಕಲ್ಯಾಣದ ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ’ ರಾಜ್ಯವಾಳುತ್ತಿದ್ದನೆಂಬ ಒಕ್ಕಣೆ ಮತ್ತೆ ಮತ್ತೆ ಬರುತ್ತದೆ. ಇಲ್ಲಿ ನೆಲೆಯೂ ಬೀಡೂ ಸೇರಿ, ಬಕಾರ ವಕಾರವಾಗಿ, ಸ್ಥಿರವಾದ ನಿವಾಸವೆಂಬ ಅರ್ಥ ಮೂಡಿದೆ. ದಂಡಿನೊಡನೆ ಸಂಚರಿಸುತ್ತಿದ್ದ ಅರಸರಿಗೆ ಬೀಡುಗಳು ಹಲವಿದ್ದುದರಿಂದಲೇ ‘ನೆಲೆ’ ಎಂಬ ವಿಶೇಷಣ ಬೇಕಾಯಿತೆಂದು ನನಗೆ ತೋರುತ್ತದೆ. ಹೊಯ್ಸಳರ ದೋರಸಮುದ್ರ 1311ರಲ್ಲಿ ಮಲಿಕ್ ಕಾಫರನ ದಾಳಿಗೆ ತುತ್ತಾಗಿ, ಮುಂದೆ ಪಾಳುಬಿದ್ದು, ಹಳೇಬೀಡು ಎನಿಸಿತು.

ತುಳುನಾಡಿನಲ್ಲಿ ಜೈನ ಅರಸುಮನೆತನಗಳ ನಿವಾಸಗಳಿಗೆ ಇಂದಿಗೂ ಬೀಡೆಂದೇ ಹೆಸರು. ತಮಿಳಿನ ವೀಡು ಎಂದರೆ ಸಾಮಾನ್ಯ ಮನೆ. ತಾತ್ಕಾಲಿಕ ತಂಗುವಿಕೆಯ ಮೂಲಾರ್ಥವನ್ನು ಬಿಡಾರ, ಬಿಡದಿ ಎಂಬ ಪದಗಳು ಉಳಿಸಿಕೊಂಡಿವೆ: ಮದುವೆಯಲ್ಲಿ ಗಂಡಿನ ಕಡೆಯವರು ಇಳಿದುಕೊಳ್ಳುವ ಬಿಡದಿಮನೆಯಲ್ಲಿ ಚಾಪೆ, ಬಿಸಿನೀರು, ಕಾಫಿ ಎಲ್ಲವೂ ಒಂದೆರಡು ದಿನದ ಮಟ್ಟಿಗೆ ಮಾತ್ರ.